ಡಿಸ್ಕ್‌ನಲ್ಲಿ ಒಯ್ಯುವ ದನಿ

ಲ್ಯಾಪ್‌ಟಾಪಿನ ಒಳಗಿರುವ ವಿಂಡೋಸನ್ನು ಮುಟ್ಟದೆ, ಡಿಸ್ಕ್ ಅಥವಾ ಪೆನ್‌ಡ್ರೈವ್‌ನಿಂದಲೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ನಡೆಸುವುದಕ್ಕೆ ಲೈವ್ ಬೂಟ್ ಎನ್ನುತ್ತಾರೆ. ಕಣ್ಣು ಕಾಣುವವರ ಪಾಲಿಗೆ ಅದು ಕೆಟ್ಟುನಿಂತ ಯಂತ್ರದಿಂದ ಫೈಲುಗಳನ್ನು ಹೊರತೆಗೆಯುವ ಉಪಾಯ, ಅಷ್ಟೆ. ಅಂಧರಿಗೆ ಅದರ ಉಪಯೋಗ ದೊಡ್ಡದು. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಡಿಸ್ಕ್‌ನಲ್ಲೇ ಇರುವುದರಿಂದ ಕಾಲೇಜಿನ ಲ್ಯಾಬು, ಗೆಳೆಯನ ಲ್ಯಾಪ್‌ಟಾಪು, ಎಲ್ಲಿ ಕೂತರೂ ಯಂತ್ರ ಮಾತಾಡುತ್ತದೆ. ಎದ್ದುಹೋದ ಮೇಲೆ ಆ ಯಂತ್ರದಲ್ಲಿ ಯಾವ ಗುರುತೂ ಉಳಿಯುವುದಿಲ್ಲ.

ಗದಗ ಸೀಮೆಗೆ ಈ ವಿಷಯ ಹೊರಗಿನದಲ್ಲ. ಪಂಚಾಕ್ಷರ ಗವಾಯಿಗಳು (1892–1944) ಕಟ್ಟಿದ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಸಂಗೀತ ಕಲಿಸುತ್ತ ಬಂದಿದೆ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಅದನ್ನು ನಾಡಿನಾಚೆಗೂ ಹೆಸರಾಗುವಂತೆ ಬೆಳೆಸಿದರು. ರಾಗವನ್ನು ಕಿವಿಯಿಂದ ಕಿವಿಗೆ ದಾಟಿಸಬಹುದು. ಪರೀಕ್ಷೆ, ಅರ್ಜಿ, ನೇಮಕಾತಿ ಪ್ರಕಟಣೆ, ಪಠ್ಯಪುಸ್ತಕಗಳಿಗೆ ಅಕ್ಷರ ಬೇಕು, ಆ ಅಕ್ಷರ ಈಗ ಬಹುಪಾಲು ಕಂಪ್ಯೂಟರಿನೊಳಗಿದೆ. ಎಸ್‌ಎಸ್‌ಎಲ್‌ಸಿ ನಂತರ ಓದುವ ಅಂಧ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ಟಾಕಿಂಗ್ ಲ್ಯಾಪ್‌ಟಾಪ್ ಯೋಜನೆಯೇನೋ ಇದೆ. ಅದು ಕೈಸೇರುವವರೆಗೆ ಕುರ್ತಕೋಟಿ, ಹುಲಕೋಟಿಗಳಿಂದ ಗದಗಿನ ಕಾಲೇಜಿಗೆ ಬರುವ ವಿದ್ಯಾರ್ಥಿ ಕೂರಬೇಕಾದದ್ದು ಲ್ಯಾಬಿನ ಯಂತ್ರದ ಮುಂದೆಯೇ. ಅಲ್ಲಿ ಹೊಸ ತಂತ್ರಾಂಶ ಹಾಕಲು ಪಾಸ್‌ವರ್ಡ್ ಬೇಕು, ಆ ಪಾಸ್‌ವರ್ಡ್ ಬಲ್ಲವರು ರಜೆಯಲ್ಲಿರುತ್ತಾರೆ.

ವಿಂಡೋಸ್ ತೆರೆದುಕೊಂಡಿದ್ದರೆ ಸುಲಭದ ದಾರಿಯೊಂದಿದೆ ಎಂಬುದನ್ನು ಮೊದಲೇ ಹೇಳಬೇಕು. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು 2006ರಲ್ಲಿ ಶುರುಮಾಡಿದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ. ಅದನ್ನು ಪೆನ್‌ಡ್ರೈವ್‌ನಿಂದಲೂ ನಡೆಸಬಹುದು. ವಿಂಡೋಸೇ ಕೆಟ್ಟಾಗ, ಹಳೆಯ ಯಂತ್ರದಲ್ಲಿ ಅದು ತೆವಳುತ್ತಿರುವಾಗ, ಇಲ್ಲವೇ ಖಾಲಿ ಯಂತ್ರಕ್ಕೆ ಹೊಸದಾಗಿ ವ್ಯವಸ್ಥೆ ತುಂಬಬೇಕಾದಾಗ ಮಾತ್ರ ಲೈವ್ ಡಿಸ್ಕ್‌ಗೆ ಸಾಟಿಯಿಲ್ಲ.

ಸಿಡಿಯಿಂದ ಯಂತ್ರ ಏಳುವ ವಿಧಾನಕ್ಕೆ 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಸಂಸ್ಥೆಗಳು ಎಲ್ ಟೊರಿಟೊ ಎಂಬ ಒಂದು ನಿಯಮ ರೂಪಿಸಿದವು. ಜರ್ಮನಿಯ ಕ್ಲಾಸ್ ಕ್ನಾಪರ್ 2000ದಲ್ಲಿ ಹೊರತಂದ ನಾಪಿಕ್ಸ್, ಸುಮಾರು 2 ಜಿಬಿ ತಂತ್ರಾಂಶವನ್ನು ಒತ್ತಿ 700 ಎಂಬಿಯ ಒಂದೇ ಸಿಡಿಯಲ್ಲಿ ಕೂರಿಸಿತು. ಬೇಕಾದ ತುಣುಕನ್ನಷ್ಟೇ ಆ ಗಳಿಗೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಬರೆದದ್ದೆಲ್ಲ ರ‍್ಯಾಮಿನಲ್ಲಿ ನಿಲ್ಲುತ್ತದೆ. ಕ್ನಾಪರ್ ಅವರ ಪತ್ನಿ ಏಡ್ರಿಯಾನೆ ಅವರಿಗೆ ದೃಷ್ಟಿದೋಷವಿದೆ. ಅವರ ಹೆಸರಿನಲ್ಲೇ ಮುಂದೆ ನಾಪಿಕ್ಸ್‌ಗೆ ಮಾತಾಡುವ ಮೆನು ಸೇರಿತು: ಚಿತ್ರಗಳಿಲ್ಲ, ಮೌಸ್ ಬೇಡ, ಬಾಣದ ಕೀಲಿಗಳಲ್ಲಿ ಇಳಿಯುತ್ತ ಹೋದರೆ ಇಮೇಲ್, ಇಂಟರ್ನೆಟ್, ಸ್ಕ್ಯಾನರ್ ಒಂದೊಂದಾಗಿ ಕಿವಿಗೆ ಬೀಳುತ್ತವೆ. ಇಂಗ್ಲೆಂಡಿನ ಟೋನಿ ಸೇಲ್ಸ್ ಶುರುಮಾಡಿದ ವಿನಕ್ಸ್ ಇದೇ ಉದ್ದೇಶದ್ದು. ಅದರ ಹೊಸ ಆವೃತ್ತಿಗಳು ನಿಂತು ವರ್ಷಗಳಾದವು. ನಿಂತದ್ದರಿಂದ ದೊಡ್ಡ ನಷ್ಟವಾಗಿಲ್ಲ. 2006ರಲ್ಲಿ ಗ್ನೋಮ್ ಡೆಸ್ಕ್‌ಟಾಪ್‌ಗೆ ಓರ್ಕಾ ಸ್ಕ್ರೀನ್ ರೀಡರ್ ಸೇರಿದ ಮೇಲೆ ಉಬುಂಟು, ಡೆಬಿಯನ್‌ಗಳಂಥ ಎಲ್ಲರ ಬಳಕೆಯ ವ್ಯವಸ್ಥೆಗಳಲ್ಲೇ ದನಿ ಅಡಕವಾಯಿತು. ನೆರೆಯ ಕೇರಳದಲ್ಲಿ ರೂಪುಗೊಂಡ ಆ್ಯಕ್ಸೆಸಿಬಲ್ ಕೋಕೊನಟ್ ಉಬುಂಟು ಮಾಟೆಯನ್ನು ಆಧರಿಸಿದ್ದು, ಅಂಧರಿಗೆಂದೇ ಹೊಂದಿಸಿದ್ದು.

ಇಷ್ಟೆಲ್ಲ ಇದ್ದರೂ ಕಷ್ಟವಿರುವುದು ಇವು ಮಾತಾಡಲು ತೊಡಗುವ ಮುನ್ನ. ಪವರ್ ಬಟನ್ ಒತ್ತಿದ ಕೂಡಲೇ ಎಚ್ಚರಗೊಳ್ಳುವುದು ಲ್ಯಾಪ್‌ಟಾಪಿನ ಫರ್ಮ್‌ವೇರ್. ಹಳೆಯದರಲ್ಲಿ ಬಯಾಸ್, ಹೊಸದರಲ್ಲಿ ಯುಇಎಫ್‌ಐ. ಯಾವುದರಿಂದ ಏಳಬೇಕೆಂದು ಕೇಳುವುದು ಅದೇ, ಮತ್ತು ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಅದು ಮೂಕ. ಡೆಲ್, ಲೆನೊವೊಗಳಲ್ಲಿ ಸಾಧಾರಣವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಪಟ್ಟಿ ಬರುತ್ತದೆ. ಬಂದದ್ದು ಗೊತ್ತಾಗುವುದು ಹೇಗೆ? ಕಣ್ಣಿದ್ದವರೊಬ್ಬರು ಪಕ್ಕದಲ್ಲಿ ಕೂತು, ಡಿಸ್ಕ್ ಎಷ್ಟನೆಯ ಸಾಲಿನಲ್ಲಿದೆ, ಬಾಣದ ಕೀಲಿಯನ್ನು ಎಷ್ಟು ಸಲ ಒತ್ತಬೇಕು ಎಂದು ಒಮ್ಮೆ ಹೇಳಿಕೊಟ್ಟರೆ ಆ ಯಂತ್ರದ ಮಟ್ಟಿಗೆ ಸಾಕು. ಮತ್ತೊಂದು ಪೆನ್‌ಡ್ರೈವ್ ಚುಚ್ಚಿದ ದಿನ ಆ ಎಣಿಕೆಯೂ ತಪ್ಪುತ್ತದೆ. ವಿಂಡೋಸ್ ನಡೆಯುತ್ತಿದ್ದರೆ ಶಿಫ್ಟ್ ಅದುಮಿಕೊಂಡು ರೀಸ್ಟಾರ್ಟ್ ಆರಿಸುವುದು ಮೇಲು. ಆಗ ಬರುವ ನೀಲಿ ಪರದೆಯಲ್ಲಿ ವಿಂಡೋಸ್, ಕಂಟ್ರೋಲ್, ಎಂಟರ್ ಮೂರನ್ನೂ ಒತ್ತಿದರೆ ಸಾಮಾನ್ಯವಾಗಿ ವಿಂಡೋಸಿನದೇ ಸ್ಕ್ರೀನ್ ರೀಡರ್ ನರೇಟರ್ ಮಾತಾಡುತ್ತದೆ, ‘ಯೂಸ್ ಎ ಡಿವೈಸ್’ ಎಂಬ ಸಾಲನ್ನು ಕೇಳಿ ಆರಿಸಬಹುದು. ಸಹಿಯಿಲ್ಲದ ವ್ಯವಸ್ಥೆ ಏಳದಂತೆ ತಡೆಯುವ ಸೆಕ್ಯೂರ್ ಬೂಟನ್ನು ತೆಗೆದುಹಾಕುವ ಗೋಜಿಗೆ ಹೋಗದಿರುವುದು ಒಳ್ಳೆಯದು. ಉಬುಂಟು ಮತ್ತು ಈಚಿನ ಡೆಬಿಯನ್ ಅದರೊಂದಿಗೇ ಏಳುತ್ತವೆ. ಅದನ್ನು ತೆಗೆದರೆ ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗ ಇರುವ ಯಂತ್ರ ಮುಂದಿನ ಸಲ 48 ಅಂಕಿಗಳ ಕೀಲಿ ಕೇಳಿ ಕೂತುಬಿಡುತ್ತದೆ.

ಈ ಮೌನದಲ್ಲಿ ಡಿಸ್ಕ್‌ಗೆ ಒಂದು ಅನುಕೂಲವಿದೆ. ಡ್ರೈವ್‌ನ ತಟ್ಟೆ ಒಳಹೋಗುವ ಸದ್ದು, ಡಿಸ್ಕ್ ತಿರುಗಿ ಏರುವ ಗುಂಯ್‌ಗುಡುವಿಕೆ, ಲೆನ್ಸ್ ಅತ್ತಿತ್ತ ಸರಿಯುವ ಟಿಕ್‌ಟಿಕ್ ಎಲ್ಲವೂ ಬೆರಳಿಗೂ ಕಿವಿಗೂ ತಿಳಿಯುತ್ತವೆ. ತಿರುಗಿ ತಟ್ಟನೆ ನಿಂತರೆ ಡಿಸ್ಕನ್ನು ಬಿಟ್ಟು ವಿಂಡೋಸ್ ಏಳುತ್ತಿದೆ ಎಂದೇ ಹೆಚ್ಚಾಗಿ ಅರ್ಥ. ಪೆನ್‌ಡ್ರೈವ್ ಇಂಥ ಯಾವ ಸುಳಿವನ್ನೂ ಕೊಡುವುದಿಲ್ಲ. ಆದರೂ ಡಿಸ್ಕ್‌ನ ಕಾಲ ಮುಗಿಯುತ್ತಿದೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಡ್ರೈವೇ ಇರುವುದಿಲ್ಲ, ಯುಎಸ್‌ಬಿ ಡ್ರೈವ್ ಬೇರೆ ಕೊಳ್ಳಬೇಕು. 4.7 ಜಿಬಿಯ ಡಿವಿಡಿಗೆ ಉಬುಂಟುವಿನ ಈಚಿನ ಆವೃತ್ತಿ ಹಿಡಿಯುವುದಿಲ್ಲ. 8 ಪಟ್ಟು ವೇಗದ ಡ್ರೈವ್ ಕೂಡ ಸೆಕೆಂಡಿಗೆ ಹೆಚ್ಚೆಂದರೆ 11 ಎಂಬಿಯಷ್ಟೇ ಓದುತ್ತದೆ, ಹಾಗಾಗಿ ಡೆಸ್ಕ್‌ಟಾಪ್ ಪೂರ್ತಿ ಏಳಲು ನಿಮಿಷಗಳೇ ಹಿಡಿಯುತ್ತವೆ.

ಮೌನವನ್ನು ಜಾಣತನದಿಂದ ನಿಭಾಯಿಸಿರುವುದು ಡೆಬಿಯನ್. ಅದರ ಇನ್‌ಸ್ಟಾಲರ್‌ನ ಮೆನು ಸಿದ್ಧವಾದಾಗ ಹಳೆಯ ಬಯಾಸ್ ಯಂತ್ರ ಒಂದು ಬಾರಿ, ಯುಇಎಫ್‌ಐ ಯಂತ್ರ ಎರಡು ಬಾರಿ ಬೀಪ್ ಎನ್ನುತ್ತದೆ. ಎಸ್ ಒತ್ತಿ ಎಂಟರ್ ಕೊಟ್ಟರೆ ಮುಂದಿನ ಪ್ರಶ್ನೆಗಳನ್ನೆಲ್ಲ ಯಂತ್ರವೇ ಓದಿ ಕೇಳುತ್ತದೆ. ಉಬುಂಟುವಿನಲ್ಲಿ ಡೆಸ್ಕ್‌ಟಾಪ್ ಬರುವವರೆಗೆ ಕಾದು ಆಲ್ಟ್, ಸೂಪರ್ (ವಿಂಡೋಸ್ ಗುರುತಿನ ಕೀಲಿ), ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಓರ್ಕಾ ಏಳುತ್ತದೆ. ಆಗಲೂ ದನಿ ಬರದಿದ್ದರೆ ಶಬ್ದ ಎಚ್‌ಡಿಎಂಐ ಕಡೆ ಹರಿಯುತ್ತಿರಬಹುದು, ಇಲ್ಲವೇ ಮ್ಯೂಟ್ ಆಗಿರಬಹುದು. ಇಯರ್‌ಫೋನ್ ಚುಚ್ಚಿ ನೋಡುವುದು ಮೊದಲ ಪರೀಕ್ಷೆ.

ಬರುವ ದನಿ ಮೊದಲಿಗೆ ಇಂಗ್ಲಿಷಿನದು. ಓರ್ಕಾದ ಕೀಲಿ ಮತ್ತು ಸ್ಪೇಸ್ ಒತ್ತಿ (ಲ್ಯಾಪ್‌ಟಾಪ್ ವಿನ್ಯಾಸದಲ್ಲಿ ಆ ಕೀಲಿ ಕ್ಯಾಪ್ಸ್‌ಲಾಕ್) ಕನ್ನಡ ಆರಿಸಬೇಕು. ಅಲ್ಲಿ ಕೇಳುವುದು ಇ-ಸ್ಪೀಕ್‌ನ ಕನ್ನಡ. ಜೊನಾಥನ್ ಡಡಿಂಗ್‌ಟನ್ ಕಟ್ಟಿದ ಈ ಪುಟ್ಟ ತಂತ್ರಾಂಶ ಯಾರ ಧ್ವನಿಯನ್ನೂ ಮುದ್ರಿಸಿಕೊಂಡದ್ದಲ್ಲ. ಲೆಕ್ಕಾಚಾರದಿಂದ ಹುಟ್ಟಿಸಿದ ಸ್ವರ. ಡಿಸ್ಕ್‌ನಲ್ಲಿ ಅದು ನೂರಕ್ಕೂ ಹೆಚ್ಚು ಭಾಷೆಗಳಿಗೆ ಜಾಗ ಮಾಡಿಕೊಂಡಿರುವುದು ಅದಕ್ಕೇ. ಹೊಸಬರಿಗೆ ಅದು ಒರಟು ಒರಟಾಗಿ ಕೇಳುತ್ತದೆ. ಪಳಗಿದವರು ಅದನ್ನೇ ಬಯಸುತ್ತಾರೆ, ಏಕೆಂದರೆ ವೇಗ ಎಷ್ಟು ಏರಿಸಿದರೂ ಅಕ್ಷರ ಕಲಸಿಹೋಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿಂಪ್ಯೂಟರ್ ಎಂಬ ಕೈಗಣಕದ ಯೋಜನೆಯ ಕಾಲಕ್ಕೆ ರಮೇಶ್ ಹರಿಹರನ್ ಅವರ ಮುಂದಾಳತ್ವದಲ್ಲಿ ಹುಟ್ಟಿದ ‘ಧ್ವನಿ’ಯೂ ಕನ್ನಡ ಓದುತ್ತಿತ್ತು. ಯಾವ ದನಿಯಿದ್ದರೂ ಒಂದು ಕಡೆ ಎಡವುತ್ತದೆ. ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಮಾಡಿಟ್ಟ ಕಡತಗಳು ಪರದೆಯ ಮೇಲೆ ಕನ್ನಡ. ಯಂತ್ರದೊಳಗೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಆ ರಾಶಿಯನ್ನೇ ಓದುತ್ತದೆ. ಕಚೇರಿಗಳು ಇನ್ನೂ ಅಂಥ ಕಡತ ಕಳಿಸುತ್ತಿದ್ದರೆ ತಪ್ಪು ಡಿಸ್ಕ್‌ನದಲ್ಲ.

ಬರೆಯುವುದಕ್ಕೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸ ಇದೆ. ಬ್ರೈಲ್ ಬಲ್ಲವರಿಗೆ ಇನ್ನೂ ಹತ್ತಿರದ ದಾರಿ ಐಬಸ್-ಬ್ರೈಲ್: ಎಫ್, ಡಿ, ಎಸ್ ಕೀಲಿಗಳು 1, 2, 3ನೆಯ ಚುಕ್ಕೆಗಳು, ಜೆ, ಕೆ, ಎಲ್ ಕೀಲಿಗಳು 4, 5, 6. ಭಾರತಿ ಬ್ರೈಲಿನಲ್ಲಿ ‘ಗ’ ಎಂದರೆ 1, 2, 4, 5. ‘ದ’ ಎಂದರೆ 1, 4, 5. ಎಫ್-ಡಿ-ಜೆ-ಕೆ, ಎಫ್-ಜೆ-ಕೆ, ಮತ್ತೆ ಎಫ್-ಡಿ-ಜೆ-ಕೆ, ಹೀಗೆ ಮೂರೇ ಒತ್ತುಗಳಲ್ಲಿ ‘ಗದಗ’ ಮೂಡುತ್ತದೆ. ಅಗ್ಗದ ಕೀಬೋರ್ಡುಗಳು ನಾಲ್ಕೈದು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಒಂದನ್ನು ನುಂಗುವುದುಂಟು, ಹಾಗಾಗಿ ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಡಿವಿಡಿಯಿಂದ ಎದ್ದ ವ್ಯವಸ್ಥೆಯಲ್ಲಿ ಬರೆದದ್ದು ಪವರ್ ಹೋದರೆ ಹೋಯಿತು. ಕಡತವನ್ನು ಬೇರೆ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಕು, ಕನ್ನಡ ದನಿಯನ್ನು ಪ್ರತಿ ಸಲವೂ ಹೊಸದಾಗಿ ಆರಿಸಬೇಕು. ಪೆನ್‌ಡ್ರೈವ್‌ನಿಂದಲೇ ಎದ್ದರೆ ಅದರಲ್ಲಿ ಒಂದು ಭಾಗವನ್ನು ಉಳಿಕೆಗೆಂದು ಬಿಟ್ಟುಕೊಂಡು ಈ ಎರಡೂ ತೊಂದರೆ ತಪ್ಪಿಸಬಹುದು. ಮುಗಿಸುವಾಗ ಮೌನ ಇನ್ನೊಮ್ಮೆ ಬರುತ್ತದೆ: ಉಬುಂಟುವಿನ ಲೈವ್ ಆವೃತ್ತಿ ಆರುವ ಮುನ್ನ, ಡಿಸ್ಕ್ ತೆಗೆದು ಎಂಟರ್ ಒತ್ತಿ ಎಂಬ ಸಂದೇಶವನ್ನು ಪರದೆಯಲ್ಲಿ ತೋರಿಸಿ ಕಾಯುತ್ತದೆ. ಓರ್ಕಾ ಅಷ್ಟರಲ್ಲಿ ನಿಂತಿರುತ್ತದೆ. ತಿಳಿಯದವರು ಯಂತ್ರ ಹ್ಯಾಂಗ್ ಆಯಿತೆಂದು ಪವರ್ ಬಟನ್ ಅದುಮಿ ಹಿಡಿಯುತ್ತಾರೆ; ಡಿಸ್ಕ್ ತೆಗೆದು ಎಂಟರ್ ಒತ್ತಿದರೆ ಆಯಿತು.