ಮಾತು ಕನ್ನಡ, ಕಾಯ್ದೆ ಮಹಾರಾಷ್ಟ್ರದ್ದು!

ಮೊಬೈಲ್‌ನ ವಕೀಲಿ ಸಲಹೆ: ಗಡಿ ವ್ಯಾಪಾರಸ್ಥರೇ ಎಚ್ಚರ

ಬೋರಾಮಣಿ (ಸೋಲಾಪುರ): ‘ವಕೀಲರ ಕಡೆ ಯಾಕ ಹೋಗಬೇಕ್ರಿ, ಮೊಬೈಲ್‌ನಾಗ ಎಲ್ಲಾ ಸಿಗತೈತಿ.’ ಹೈದರಾಬಾದ್ ಹೆದ್ದಾರಿಯ ಬೋರಾಮಣಿ ಇರಲಿ, ಅಕ್ಕಲಕೋಟೆಯ ಪೇಟೆ ಇರಲಿ, ಸಣ್ಣ ವ್ಯಾಪಾರಸ್ಥರ ಬಾಯಲ್ಲಿ ಈಗ ಇದೇ ಮಾತು.

ಮಾತಿನಲ್ಲಿ ಸುಳ್ಳಿಲ್ಲ. ಫೀ ಇಲ್ಲ, ಅಂಗಡಿ ಮುಚ್ಚಿ ಸೋಲಾಪುರದ ಕೋರ್ಟಿಗೆ ಅಲೆಯುವ ಗೊಡವೆ ಇಲ್ಲ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ. ಆದರೆ ಗೊಂದಲ ಹುಟ್ಟುವುದೂ ಅಲ್ಲೇ. ಕನ್ನಡದ ವಿಡಿಯೊ, ಬರಹಗಳು ಹೆಚ್ಚಾಗಿ ಕರ್ನಾಟಕದವರಿಗಾಗಿ ಮಾಡಿದಂಥವು. ಅಲ್ಲಿ ಪಹಣಿ, ಇಲ್ಲಿ ಸಾತ್‌ಬಾರಾ. ಹೆಸರು ಬೇರೆಯಾದರೆ ಕೂಡಲೇ ತಿಳಿಯುತ್ತದೆ. ಹೆಸರು ಒಂದೇ ಇದ್ದು ಕಾಯ್ದೆ ಬೇರೆಯಾದರೆ?

ಹನ್ನೊಂದು ತಿಂಗಳ ಕರಾರು

ಸೋಲಾಪುರದಲ್ಲಿರುವ ಗಾಳಾ ಬಾಡಿಗೆಗೆ ಕೊಡಬೇಕು ಎಂದಿಟ್ಟುಕೊಳ್ಳಿ. ‘11 ತಿಂಗಳ ಕರಾರು ಬರಕೊಳ್ರಿ, ನೋಂದಣಿ ಬ್ಯಾಡ’ ಎನ್ನುತ್ತದೆ ಮೊಬೈಲ್. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಕರ್ನಾಟಕದಲ್ಲಿ 11 ತಿಂಗಳ ರೂಢಿ ಬಂದದ್ದು ಅದರಿಂದಲೇ. ಆದರೆ ಸೋಲಾಪುರ ನಗರಕ್ಕೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯ. ಅದರ 55ನೇ ಕಲಮಿನ ಪ್ರಕಾರ ಕರಾರು ಎಷ್ಟೇ ತಿಂಗಳದ್ದಾಗಲಿ ನೋಂದಣಿ ಆಗಲೇಬೇಕು. ಜವಾಬ್ದಾರಿ ಮಾಲೀಕನದು. ತಪ್ಪಿದರೆ 3 ತಿಂಗಳವರೆಗೆ ಸಜೆ ಅಥವಾ 5 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮುಂದೆ ತಂಟೆ ಬಂದರೆ, ಬೇರೆ ರೀತಿ ಸಾಬೀತಾಗುವವರೆಗೆ ಬಾಡಿಗೆದಾರ ಹೇಳಿದ ಷರತ್ತೇ ನಿಲ್ಲುತ್ತದೆ.

ನಲವತ್ತು ಲಕ್ಷದ ಲೆಕ್ಕ

‘ವರ್ಷಕ್ಕೆ 40 ಲಕ್ಷದೊಳಗಿನ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಬೇಡ’ ಎಂಬುದು ಇನ್ನೊಂದು ಸಲಹೆ. ಸರಕು ಮಾರುವವರಿಗೆ 2019ರ ಏಪ್ರಿಲ್‌ನಿಂದ ಎರಡೂ ರಾಜ್ಯಗಳಲ್ಲಿ ಇದೇ ಮಿತಿ. ಆದರೆ ಇದು ರಾಜ್ಯದೊಳಗಿನ ಮಾರಾಟದ ಮಾತು. ಬೋರಾಮಣಿಯಿಂದ ಕಲಬುರಗಿಗೋ ಇಂಡಿಗೋ ಒಂದು ಗಂಟು ಮಿಲ್ಲಿನ ಚಾದರ ಮಾರಿ ಕಳಿಸಿದರೂ ಅದು ಅಂತರರಾಜ್ಯ ವ್ಯವಹಾರ. ತೆರಿಗೆ ಬೀಳುವ ಸರಕಾದರೆ ಮಿತಿಯ ಮಾತೇ ಇಲ್ಲ, ನೋಂದಣಿ ಕಡ್ಡಾಯ. ಇಲ್ಲದಿದ್ದರೆ ದಂಡ 10 ಸಾವಿರ ರೂಪಾಯಿ ಅಥವಾ ಕಟ್ಟಬೇಕಿದ್ದ ತೆರಿಗೆ, ಯಾವುದು ಹೆಚ್ಚೋ ಅದು. ಬೆಂಗಳೂರಿನ ಅಂಗಡಿಕಾರನಿಗೆ ಈ ಪ್ರಶ್ನೆ ಅಪರೂಪ. ಬೀಗರೂ ಗಿರಾಕಿಗಳೂ ಗಡಿಯಾಚೆ ಇರುವ ಇಲ್ಲಿನವರಿಗೆ ಇದು ದಿನದ ಮಾತು.

ಎಲ್ಲ ಸಲಹೆಯೂ ತಪ್ಪಲ್ಲ. ಉದ್ರಿಗೆ ಬಂದ ಚೆಕ್ ಬೌನ್ಸಾದರೆ ಬ್ಯಾಂಕಿನ ಚೀಟಿ ಸಿಕ್ಕ 30 ದಿನದೊಳಗೆ ನೋಟಿಸು ಕೊಡಬೇಕು. ಇದು ಕೇಂದ್ರದ ಕಾಯ್ದೆ, ಎರಡೂ ಕಡೆ ಒಂದೇ. ಯಾವುದು ಕೇಂದ್ರದ್ದು, ಯಾವುದು ರಾಜ್ಯದ್ದು ಎಂದು ಮೊದಲು ಕೇಳುವುದೇ ಜಾಣತನ.

ಇಲ್ಲದ ತೀರ್ಪು

ಈಗ ಕೃತಕ ಬುದ್ಧಿಮತ್ತೆಯೂ ವಕೀಲಿಗೆ ಇಳಿದಿದೆ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರೇ ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ನಂಬಿ ಕೋರ್ಟಿಗೆ ಸಲ್ಲಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ! ಕೋರ್ಟು 5 ಸಾವಿರ ಡಾಲರ್ ದಂಡ ಹಾಕಿತು. ಓದಿದ ವಕೀಲರ ಗತಿಯೇ ಹೀಗಾದರೆ ತಕ್ಕಡಿ ಹಿಡಿದವರ ಪಾಡೇನು?

ಏನು ಮಾಡಬೇಕು?

ಸಲಹೆ ಯಾವ ರಾಜ್ಯದ್ದು, ಯಾವ ವರ್ಷದ್ದು ಎಂದು ನೋಡಬೇಕು. ಮಹಾರಾಷ್ಟ್ರದಲ್ಲಿ 2024ರ ಅಕ್ಟೋಬರ್‌ನಲ್ಲಿ ಹಲವು ಕಾಗದಪತ್ರಗಳ 100 ರೂಪಾಯಿ ಮುದ್ರಾಂಕ 500ಕ್ಕೆ ಏರಿತು. ಹಳೆಯ ವಿಡಿಯೊ ಮಾತ್ರ ನೂರನ್ನೇ ಹೇಳುತ್ತಿರುತ್ತದೆ. ಸಹಿ ಹಾಕುವ ಮುನ್ನ ಇಲ್ಲಿನ ವಕೀಲರಿಗೋ ಸಿಎಗೋ ಒಮ್ಮೆ ತೋರಿಸುವುದು ಲೇಸು. ಕೈ ಬಿಗಿಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ನೆರವು ಉಚಿತ. ಸಹಾಯವಾಣಿ 15100.

ಮೊಬೈಲ್‌ನಿಂದ ಪ್ರಶ್ನೆ ಕಲಿಯಲಿ, ಅಡ್ಡಿಯಿಲ್ಲ. ಸಹಿ ಹಾಕುವ ಮುಂಚೆ ಮಾತ್ರ ಅಂಗಡಿಯ ಬೋರ್ಡಿನ ಮೇಲೆ ಯಾವ ಜಿಲ್ಲೆಯ ಹೆಸರಿದೆ ಎಂದು ಒಮ್ಮೆ ತಲೆಯೆತ್ತಿ ನೋಡಲಿ.