ನವರಸಪುರದ ಅರಸು

ವಿಜಯಪುರ ನಗರದಿಂದ ತಿಕೋಟಾದ ಕಡೆಗೆ ಪಡುವಣ ದಾರಿಯನ್ನು ಹಿಡಿದು ಹೊರಟರೆ ಸ್ವಲ್ಪ ದೂರದಲ್ಲಿಯೇ ತೊರವಿ ಎಂಬ ಗ್ರಾಮವು ಸಿಗುತ್ತದೆ. ಭಾಮಿನೀ ಷಟ್ಪದಿಯಲ್ಲಿ ರಾಮಾಯಣವನ್ನು ಹಾಡಿದ ಕುಮಾರ ವಾಲ್ಮೀಕಿಯ ಆರಾಧ್ಯದೈವವಾದ ನರಸಿಂಹನು ನೆಲೆಸಿರುವ ಊರಿದು. ಈ ಊರಿನ ಬಯಲಿನಲ್ಲಿಯೇ ಸಂಗೀತ ಮಹಲೆಂಬ ಪಾಳು ಕಟ್ಟಡವೊಂದು ತನ್ನ ಎತ್ತರವಾದ ಕಮಾನಿನೊಡನೆ ನಿಂತಿದೆ. ಇದು ಬಿಜಾಪುರದ ಸುಲ್ತಾನ ಎರಡನೆಯ ಇಬ್ರಾಹಿಮ್ ಆದಿಲಶಹನು 1599ರಲ್ಲಿ ಕಟ್ಟಲು ತೊಡಗಿದ ನವರಸಪುರದ ಅವಶೇಷ.

ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದು ಈ ಸೀಮೆಯ ಮಕ್ಕಳಿಗೆ ಹೊಸತಲ್ಲ. ತಿಕೋಟಾದ ಬಾಲಕನೊಬ್ಬನು ಮನೆಯಲ್ಲಿ ದಖನಿಯನ್ನಾಡಿ, ಶಾಲೆಯಲ್ಲಿ ಕನ್ನಡವನ್ನೋದಿ, ಜತ್ತದ ಕಡೆಯ ವ್ಯಾಪಾರಿಯೊಡನೆ ಮರಾಠಿಯಲ್ಲಿ ವ್ಯವಹರಿಸುವುದುಂಟು. ಬಬಲೇಶ್ವರದಿಂದ ನಗರದ ಕಾಲೇಜಿಗೆ ಬಂದ ಬಾಲಕಿಯು ತನ್ನ ಮನೆಮಾತನ್ನು ಕೇಳಿ ಗೆಳತಿಯರು ನಕ್ಕಾರೆಂದು ಬಾಯಿ ಮುಚ್ಚಿ ಕುಳಿತುಕೊಳ್ಳುವುದೂ ಉಂಟು. ‘ನೀನು ಯಾರವನು? ಯಾರವಳು?’ ಎಂದು ಯಾರಾದರೂ ಕೇಳಿದರೆ ಇಂಥ ಮಕ್ಕಳು ತಡವರಿಸುತ್ತಾರೆ. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕೇನೋ ಎಂಬ ಅಳುಕು ಅವರನ್ನು ಕಾಡುತ್ತದೆ. ನಾಲ್ಕು ಶತಮಾನಗಳ ಹಿಂದೆ ಇದೇ ನೆಲದಲ್ಲಿ ಇಂಥದೇ ಪ್ರಶ್ನೆಯನ್ನು ಎದುರಿಸಿದವನು ಇಬ್ರಾಹಿಮ್.

1580ರಲ್ಲಿ ದೊಡ್ಡಪ್ಪನಾದ ಅಲಿ ಆದಿಲಶಹನು ಕೊಲೆಯಾದಾಗ ಇಬ್ರಾಹಿಮನಿಗೆ ಒಂಬತ್ತು ವರ್ಷ. ಮಗುವಿನ ತಲೆಯ ಮೇಲೆ ಕಿರೀಟವಿತ್ತು. ಅಧಿಕಾರ ಮಾತ್ರ ಇತರರ ಕೈಯಲ್ಲಿತ್ತು. ಮೊದಲು ಅಲಿಯ ವಿಧವೆ ಚಾಂದಬೀಬಿಯು ಬಾಲಕನ ಪರವಾಗಿ ರಾಜ್ಯಭಾರಕ್ಕೆ ನಿಂತಳು. ಆಮೇಲೆ ಒಬ್ಬರ ಹಿಂದೊಬ್ಬರಂತೆ ಸರದಾರರು ಆಡಳಿತವನ್ನು ಕಸಿದುಕೊಂಡರು. ಆಸ್ಥಾನದಲ್ಲಿ ಎರಡು ಬಣಗಳಿದ್ದವು. ಇರಾನ್ ಮೊದಲಾದ ದೇಶಗಳಿಂದ ಬಂದ ಪರದೇಶಿಯರದು ಒಂದು. ಈ ನೆಲದಲ್ಲಿಯೇ ಬೇರೂರಿದ ದಖನಿಗಳದು ಮತ್ತೊಂದು. ಪಾರಸಿಯು ಘನತೆಯ ಭಾಷೆ. ದಖನಿ, ಮರಾಠಿ, ಕನ್ನಡಗಳು ಓಣಿ ಪೇಟೆಗಳ ಭಾಷೆಗಳು. ಈ ಸೆಳೆತಗಳ ನಡುವೆ ಬೆಳೆದ ಇಬ್ರಾಹಿಮನು 1590ರಲ್ಲಿ ದಿಲಾವರಖಾನನನ್ನು ಕೆಳಗಿಳಿಸಿ ಆಡಳಿತವನ್ನು ತಾನೇ ವಹಿಸಿಕೊಂಡನು.

ಆತನು ತನ್ನ ಮಾತನ್ನೂ ತಾನೇ ಆರಿಸಿಕೊಂಡನು. 1603-04ರ ಸುಮಾರಿಗೆ ಅಕ್ಬರನ ರಾಯಭಾರಿಯಾಗಿ ಬಂದ ಅಸದಬೇಗನು, ಸುಲ್ತಾನನಿಗೆ ಪಾರಸಿ ತಿಳಿಯುತ್ತಿತ್ತಾದರೂ ಸರಾಗವಾಗಿ ಆಡಲು ಬರುತ್ತಿರಲಿಲ್ಲವೆಂದೂ, ಆತನು ಹೆಚ್ಚಾಗಿ ಮರಾಠಿಯಲ್ಲಿಯೇ ಮಾತನಾಡುತ್ತಿದ್ದನೆಂದೂ ಬರೆದಿಟ್ಟಿದ್ದಾನೆ. ಮೊಗಲ ಆಸ್ಥಾನದವರ ಕಣ್ಣಿಗೆ ಇದು ಕೊರತೆಯಾಗಿ ಕಂಡಿರಬಹುದು. ಇಬ್ರಾಹಿಮನು ಅದನ್ನು ಮರೆಮಾಚಲಿಲ್ಲ. ‘ಕಿತಾಬ್-ಎ-ನವರಸ್’ ಎಂಬ ತನ್ನ ಗೀತಸಂಗ್ರಹವನ್ನು ಆತನು ದಖನಿಯಲ್ಲಿಯೇ ರಚಿಸಿದನು. ಅದಕ್ಕೆ ಪಾರಸಿಯಲ್ಲಿ ಮುನ್ನುಡಿ ಬರೆದವನು ಇರಾನಿನಿಂದ ಬಂದ ಕವಿ ಜುಹೂರಿ. ಆ ಗೀತೆಗಳಲ್ಲಿ ಸರಸ್ವತಿ ಗಣಪತಿಯರ ಸ್ತುತಿಯಿದೆ. ಪ್ರವಾದಿಯವರ ಸ್ತುತಿಯೂ, ಕಲಬುರಗಿಯ ಸಂತ ಗೇಸುದರಾಜರ ಸ್ತುತಿಯೂ ಇದೆ. ಮೋತಿಖಾನನೆಂದು ತಾನು ಹೆಸರಿಟ್ಟಿದ್ದ ತಂಬೂರಿಯನ್ನೂ ಆತನು ಅಲ್ಲಿ ಅಕ್ಕರೆಯಿಂದ ನೆನೆದಿದ್ದಾನೆ. ಪ್ರಜೆಗಳು ಆತನನ್ನು ‘ಜಗದ್ಗುರು ಬಾದಶಹ’ ಎಂದು ಕರೆದರು.

ಸರಸ್ವತಿಯನ್ನು ಸ್ತುತಿಸಿದ ಮಾತ್ರಕ್ಕೆ ಇಬ್ರಾಹಿಮನು ತನ್ನ ಧರ್ಮವನ್ನು ಬಿಟ್ಟವನಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಆತನು ಚಿರನಿದ್ರೆಯಲ್ಲಿರುವ ಇಬ್ರಾಹಿಮ್ ರೋಜಾದ ಗೋಡೆಗಳ ಮೇಲೆ ಕುರಾನಿನ ವಾಕ್ಯಗಳನ್ನು ಕಲ್ಲಿನಲ್ಲಿ ನಯವಾಗಿ ಕೆತ್ತಲಾಗಿದೆ. ಮನೆಯಿಂದ ಬಂದುದನ್ನು ಆತನು ಉಳಿಸಿಕೊಂಡನು. ನೆಲದಿಂದ ಬಂದುದನ್ನು ಕೂಡಿಸಿಕೊಂಡನು. ಈ ಕೂಡಿಕೆಯೇ ಆತನ ಸ್ವಂತಿಕೆಯಾಯಿತು.

ಅರಸನಿಗೆ ಇದು ಸುಲಭ, ಸಾಮಾನ್ಯರಿಗೆ ಸಾಧ್ಯವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅರಸನನ್ನು ಎದುರಿಗೆ ಹಂಗಿಸುವ ಧೈರ್ಯ ಯಾರಿಗೂ ಇರಲಾರದು. ಶಾಲೆಯ ಬಾಲಕನನ್ನು ಹಂಗಿಸುವವರು ಹಲವರು. ಆದರೆ ಅರಸನು ಮಾಡಿದ ಕೆಲಸವನ್ನು ಸಾಮಾನ್ಯರು ಬಹುಕಾಲದಿಂದ ಸದ್ದಿಲ್ಲದೆ ಮಾಡುತ್ತ ಬಂದಿದ್ದಾರೆ. ದಖನಿಯನ್ನಾಡುವವರು ಬೇಡವೆನ್ನಲು ಬಳಸುವ ‘ನಕ್ಕೋ’ ಎಂಬ ಮಾತು ಮರಾಠಿಯಿಂದ ಬಂದುದು. ಕನ್ನಡದ ಒಕ್ಕಲಿಗನು ತನ್ನನ್ನು ರೈತನೆಂದು ಕರೆದುಕೊಂಡು, ಜಮೀನಿನ ಖರ್ಚನ್ನು ಲೆಕ್ಕ ಹಾಕಿ, ಅರ್ಜಿ ಸಲ್ಲಿಸುವಾಗ ಆ ಪದಗಳು ಅರಬ್ಬಿ ಪಾರಸಿಗಳಿಂದ ಬಂದುವೆಂಬುದು ಅವನಿಗೆ ನೆನಪೇ ಆಗುವುದಿಲ್ಲ. ಅವು ಅವನವೇ ಆಗಿವೆ.

1624ರಲ್ಲಿ ಅಹಮದನಗರದ ಮಲಿಕ್ ಅಂಬರನ ಸೈನ್ಯವು ನವರಸಪುರವನ್ನು ಹಾಳುಗೆಡವಿತು. ಮೂರು ವರ್ಷಗಳ ತರುವಾಯ ಇಬ್ರಾಹಿಮನೂ ತೀರಿಕೊಂಡನು. ಕಲ್ಲಿನ ಊರು ಉಳಿಯಲಿಲ್ಲ. ಆದರೆ ಆತನು ಬಿಡದೆ ಹಿಡಿದ ಮಾತು ಇಂದಿಗೂ ಈ ಸೀಮೆಯ ಮನೆಗಳಲ್ಲಿ ಉಳಿದಿದೆ. ತಿಕೋಟಾದ ಬಾಲಕನು ತಾಯಿಯೊಡನೆ ದಖನಿಯಲ್ಲಿ ಮಾತನಾಡಿ, ಮರುಗಳಿಗೆಯಲ್ಲಿ ತೊರವೆ ರಾಮಾಯಣದ ಪದ್ಯವನ್ನು ಬಾಯಿಪಾಠ ಮಾಡುವಾಗ ಅವನು ಎರಡು ಮನೆಗಳ ಅತಿಥಿಯಲ್ಲ, ಎರಡಕ್ಕೂ ಹಕ್ಕುದಾರ. ‘ನೀನು ಯಾರವನು?’ ಎಂದು ಕೇಳಿದವರಿಗೆ ಅವನು ತಡವರಿಸದೆ ‘ಇಲ್ಲಿಯವನು’ ಎಂದು ಉತ್ತರಿಸಬಹುದು.