ಸುಟ್ಟ ಕಾರಿಗೆ 15 ಕೋಟಿ!

ಸುಟ್ಟು ಕರಕಲಾಗಿ, ನಜ್ಜುಗುಜ್ಜಾಗಿದ್ದ ಕಾರೊಂದು 2023ರ ಆಗಸ್ಟ್‌ನಲ್ಲಿ ಅಮೆರಿಕದ ಮಾಂಟೆರೆ ಹರಾಜಿನಲ್ಲಿ 18.75 ಲಕ್ಷ ಡಾಲರ್‌ಗೆ ಬಿಕರಿಯಾಯಿತು. ಅಂದಿನ ದರದಲ್ಲಿ 15 ಕೋಟಿ ರೂಪಾಯಿಗೂ ಹೆಚ್ಚು!

ಅದು 1954ರ ಫೆರಾರಿ 500 ಮಾಂಡಿಯಲ್ ಸ್ಪೈಡರ್. ಅದೇ ವರ್ಷ ಇಟಲಿಯ ಪ್ರಸಿದ್ಧ ಮಿಲ್ಲೆ ಮಿಲ್ಯಾ ರೇಸಿನಲ್ಲಿ ಫ್ರಾಂಕೊ ಕೊರ್ಟೀಸೆ ಇದನ್ನು ಓಡಿಸಿದ್ದರು. 1960ರ ದಶಕದಲ್ಲಿ ಅಪಘಾತಕ್ಕೀಡಾಗಿ ಬೆಂಕಿಗೆ ತುತ್ತಾಯಿತು. ಆಮೇಲೆ ದಶಕಗಳ ಕಾಲ ಹಾಗೆಯೇ ಬಿದ್ದಿತ್ತು.

ಹಾಗಾದರೆ ಬೆಲೆ ಬಂದದ್ದು ಯಾವುದಕ್ಕೆ?

'0406 ಎಂಡಿ' ಎಂಬ ಷಾಸಿ ಸಂಖ್ಯೆಗೆ. ನುರಿತ ಕುಶಲಕರ್ಮಿಗಳು ಹೊಸ ಹೊರಮೈಯನ್ನು ಬಡಿದು ರೂಪಿಸಬಲ್ಲರು. ಆದರೆ ಕಾರ್ಖಾನೆಯ ದಾಖಲೆಯಲ್ಲಿರುವ ಅಸಲಿ ಗುರುತನ್ನು ಯಾರೂ ಹೊಸದಾಗಿ ಸೃಷ್ಟಿಸಲಾರರು. ಅದಕ್ಕೇ ಹಳೆಯ ಕಾರುಗಳ ಪರಿಣತರು ಹೊಳಪಿಗಿಂತ ಮೊದಲು ಷಾಸಿ, ಎಂಜಿನ್, ಗೇರ್‌ಬಾಕ್ಸ್‌ಗಳ ಮೇಲಿನ ಸಂಖ್ಯೆಗಳನ್ನು ಹುಡುಕುತ್ತಾರೆ. ಈ ಕಾರಿನ ಮೂಲ ಎಂಜಿನ್ ಉಳಿದಿರಲಿಲ್ಲ. ಗೇರ್‌ಬಾಕ್ಸ್ ಮಾತ್ರ ಅಸಲಿಯೇ ಆಗಿತ್ತು.

ಫೆರಾರಿ ಕಂಪನಿಯಲ್ಲಿ ಇಂಥ ತಪಾಸಣೆಗೆಂದೇ 'ಕ್ಲಾಸಿಕೆ' ಎಂಬ ವಿಭಾಗವಿದೆ. ಕಂಪನಿಯ ನೆಲೆಯಾದ ಮರನೆಲ್ಲೊದ ಹಳೆಯ ಕಡತಗಳೊಂದಿಗೆ ಕಾರಿನ ಭಾಗಗಳನ್ನು ತಾಳೆ ನೋಡಿದ ಬಳಿಕವೇ ಅದು ಅಸಲಿತನದ ಪ್ರಮಾಣಪತ್ರ ಕೊಡುತ್ತದೆ.